ಶಂಶಾಬಾದಿನ ಒಂದು ರಾತ್ರಿ, ಲಂಬ್ರಿಜ್‌ನ ಹಿಟ್ಟಿನ ಗಿರಣಿ

ಶಂಶಾಬಾದಿನಲ್ಲಿ ಮನೆ ಮಾಡಿದರೆ ನೆಂಟರು ಮರೆಯುವುದಿಲ್ಲ. ಹಬ್ಬಕ್ಕೆ ಬಾರದವರು, ಮದುವೆಯಲ್ಲಿ ಮುಖ ಕೊಟ್ಟು ಮಾತಾಡದವರು ಕೂಡ ವಿಮಾನದ ಟಿಕೆಟ್ ಆದ ಮರುದಿನ ಫೋನ್ ಮಾಡುತ್ತಾರೆ. "ನಿಮ್ಮನಿ ಏರ್‌ಪೋರ್ಟಿನ ಬಾಜೂಕ ಅಂತಲ್ಲ?" ಬಾಜೂಕ ಏನಲ್ಲ, ಏಳು ಕಿಲೋಮೀಟರ್. ಆದರೆ ರಾಯಚೂರು, ಮಾನ್ವಿ, ಸಿಂಧನೂರು, ಯಾದಗಿರಿ ಕಡೆಯವರ ಲೆಕ್ಕದಲ್ಲಿ ಅದು ಬಾಜೂಕವೇ. ಬೆಂಗಳೂರು ನಮಗೆ ನಾನೂರು ಕಿಲೋಮೀಟರಿನ ಮೇಲೆ. ಹೈದರಾಬಾದ್ ಅದರ ಅರ್ಧ. ಶಕ್ತಿನಗರದ ಹತ್ತಿರ ಕೃಷ್ಣೆ ದಾಟಿದರೆ ಮಖ್ತಲ್, ಮಹಬೂಬ್‌ನಗರ, ಜಡಚೆರ್ಲಾ, ಶಾದನಗರ. ಅದಾದ ಮೇಲೆ ಹೆದ್ದಾರಿಯ ಬೋರ್ಡುಗಳ ಮೇಲೆ ವಿಮಾನದ ಚಿತ್ರ ಕಾಣಿಸತೊಡಗಿತೆಂದರೆ ಶಂಶಾಬಾದ್ ಬಂತು ಅಂತ ಅರ್ಥ. ಕಲಬುರಗಿಗೆ 2019ರಲ್ಲಿ ವಿಮಾನ ಬಂತು, ಬೀದರಿಗೆ 2020ರಲ್ಲಿ ಬಂತು. ಆದರೂ ದಮ್ಮಾಮಿಗೋ ದುಬೈಗೋ ಹೋಗಬೇಕೆಂದರೆ ನಮ್ಮ ಕಡೆಯವರಿಗೆ ಇದೇ ಬಾಗಿಲು.

ಈ ಬಾಗಿಲಿನ ಮುಂದಿನ ನೋಟವನ್ನು ನೋಡದವರು ಒಮ್ಮೆ ರಾತ್ರಿ ಒಂದು ಗಂಟೆಗೆ ಹೋಗಿ ನೋಡಬೇಕು. ಐಟಿ ಜನ ಒಬ್ಬೊಬ್ಬರೇ ಟ್ರಾಲಿ ತಳ್ಳಿಕೊಂಡು, ಕಿವಿಗೆ ಹಾಕಿದ್ದನ್ನು ತೆಗೆಯದೆ ಒಳಗೆ ಹೋಗುತ್ತಾರೆ. ಗಲ್ಫಿಗೆ ಹೋಗುವವನ ಹಿಂದೆ ಮಾತ್ರ ಒಂದು ಕ್ರೂಸರ್ ತುಂಬ ಜನ. ಅಜ್ಜಿ, ಹೆಂಡತಿ, ಮಕ್ಕಳು, ಇಬ್ಬರು ಭಾವಂದಿರು, ಬಾಡಿಗೆ ಗಾಡಿಯ ಡ್ರೈವರ್. ಪೆಟ್ಟಿಗೆಗೆ ನೈಲಾನ್ ಹಗ್ಗ ಸುತ್ತಿ, ಅದರ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದಿರುತ್ತಾರೆ. ಟಿಕೆಟ್ ಇದ್ದವನಿಗೆ ಮಾತ್ರ ಒಳಗೆ ಪ್ರವೇಶ. ಹಾಗಾಗಿ ವಿದಾಯವೆಲ್ಲ ಹೊರಗಿನ ಗ್ರಾನೈಟ್ ನೆಲದ ಮೇಲೆಯೇ. ಗಾಜಿನ ಆಚೆ ಅವನು ಸಾಲಿನಲ್ಲಿ ಸರಿಯುತ್ತಾ ಹೋಗುವುದನ್ನು ಇವರು ಈಚೆಯಿಂದ ನೋಡುತ್ತಾ ನಿಂತಿರುತ್ತಾರೆ, ಕಾಣದಂತಾದ ಮೇಲೂ.

ಕಳೆದ ನವೆಂಬರಿನಲ್ಲಿ ನಮ್ಮನೆಗೆ ಹಾಗೆ ಬಂದವನು ನನ್ನ ಕಾಕಾನ ಮಗ. ನನಗಿಂತ ನಾಲ್ಕು ವರ್ಷ ಚಿಕ್ಕವನು. ಕಾರ್ಖಾನೆಯೊಂದರಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್ ಆಗಿ ಗುತ್ತಿಗೆ ಕೆಲಸ ಮಾಡುತ್ತಿದ್ದ. ಗುತ್ತಿಗೆ ಮುಂದುವರಿಯಲಿಲ್ಲ, ದಮ್ಮಾಮಿನಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತ್ತು. ಯಾರನ್ನೂ ಕರೆದುಕೊಂಡು ಬರಲಿಲ್ಲ. ಸಂಜೆ ಆರಕ್ಕೆ ಬಸ್ಸಿನಿಂದ ಒಬ್ಬನೇ ಇಳಿದು, ಒಂದು ಪೆಟ್ಟಿಗೆ, ಚಿಗವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತ. ವಿಮಾನ ಬೆಳಗಿನ ಜಾವ ನಾಲ್ಕಕ್ಕೆ. ಅಲ್ಲಿವರೆಗೆ ನಾವಿಬ್ಬರೂ ಎದುರುಬದುರು ಕೂತು ಮಾತಾಡಬೇಕು. ನಿಜ ಹೇಳಬೇಕೆಂದರೆ ನನಗೆ ಅದೇ ಚಿಂತೆಯಾಗಿತ್ತು. ಹದಿನೇಳು ವರ್ಷದಿಂದ ನಾವು ಮದುವೆ ಮುಂಜಿಗಳಲ್ಲಿ "ಆರಾಮಾ?" "ಆರಾಮ" ಎಂಬಷ್ಟು ಬಿಟ್ಟರೆ ಹೆಚ್ಚು ಮಾತಾಡಿದವರಲ್ಲ.

ಅದಕ್ಕೆ ಮೊದಲು ಹಾಗಿರಲಿಲ್ಲ. 2005ರಿಂದ 2007ರವರೆಗೆ ನಾವಿಬ್ಬರೂ ಒಂದೇ ಊರಿನಲ್ಲಿದ್ದೆವು, ಹಗಲು ರಾಯಚೂರಿನಲ್ಲಿ, ಸಂಜೆ ಇನ್ನೊಂದು ಊರಿನಲ್ಲಿ. ಆ ಇನ್ನೊಂದು ಊರಿನ ಹೆಸರು ಲಂಬ್ರಿಜ್.

ಓದುಗರಲ್ಲಿ ನಮ್ಮ ವಯಸ್ಸಿನವರಿಗೆ ನೆನಪಿರಬಹುದು. ರೂನ್‌ಸ್ಕೇಪ್ ಎಂಬ ಆಟ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಆಂಡ್ರೂ ಗೋವರ್ ಮತ್ತು ಅವನ ತಮ್ಮ ಪಾಲ್ ಸೇರಿ ಮಾಡಿದ್ದು, 2001ರ ಜನವರಿಯಲ್ಲಿ ಬಿಡುಗಡೆಯಾದದ್ದು. ಸಾವಿರಾರು ಜನ ಒಂದೇ ಹೊತ್ತಿಗೆ ಒಂದೇ ಊರಿನಲ್ಲಿ ಓಡಾಡುವ ಆಟ. ಅಂಥ ಆಟಗಳು ಆಗ ಬೇರೆಯೂ ಇದ್ದವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಲ್ಲೇ ಬಂದಿತ್ತು, ಆದರೆ ಅದಕ್ಕೆ ಸೀಡಿ ಬೇಕು, ತಿಂಗಳ ಚಂದಾ ಬೇಕು, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಕೊರಿಯಾದ ರಾಗ್ನರಾಕ್ ಅನ್ನು ಒಂದು ಕಂಪನಿ ಇಂಡಿಯಾಕ್ಕೂ ತಂದಿತ್ತು. ದೊಡ್ಡ ಊರುಗಳ ಹುಡುಗರು ಆಡಿದರು, ಕೆಲವು ವರ್ಷಕ್ಕೆ ಅದು ಮುಚ್ಚಿತು. ರಾಯಚೂರಿನ ಸ್ಟೇಷನ್ ರಸ್ತೆಯ ಸೈಬರ್ ಕೆಫೆಗೆ ಇವು ಯಾವುವೂ ಬರುವಂತಿರಲಿಲ್ಲ. ಅಲ್ಲಿ ಎಂಟು ಕಂಪ್ಯೂಟರ್, ತಾಸಿಗೆ ಹದಿನೈದು ರೂಪಾಯಿ. ಏನನ್ನೂ ಇನ್‌ಸ್ಟಾಲ್ ಮಾಡಕೂಡದು ಎಂದು ಗೋಡೆ ಮೇಲೆ ಬರೆದು ಅಂಟಿಸಿದ್ದರು. ರೂನ್‌ಸ್ಕೇಪಿಗೆ ಇನ್‌ಸ್ಟಾಲ್ ಮಾಡುವುದೇ ಇರಲಿಲ್ಲ. ಬ್ರೌಸರ್‌ನಲ್ಲಿ ಜಾವಾ ಇದ್ದರೆ ಸಾಕು. 'ಲೋ ಡೀಟೇಲ್' ಒತ್ತಿದರೆ ಡಬ್ಬಾ ಕಂಪ್ಯೂಟರಿನಲ್ಲೂ ಊರು ತೆರೆದುಕೊಳ್ಳುತ್ತಿತ್ತು.

ಆಗ ನಮಗೆ ಗೊತ್ತಿಲ್ಲದ ಇನ್ನೊಂದು ಗುಟ್ಟು ಆ ಆಟದ ಹೊಟ್ಟೆಯಲ್ಲಿತ್ತು. ಈಗ ನಾನು ದಿನಕ್ಕೆರಡು ಮೀಟಿಂಗಿನಲ್ಲಿ ಲೇಟೆನ್ಸಿ ಬಗ್ಗೆಯೇ ಮಾತಾಡುವ ಕೆಲಸದಲ್ಲಿದ್ದೇನೆ, ಆದ್ದರಿಂದ ಇದನ್ನು ಹೇಳದೆ ಮುಂದೆ ಹೋಗಲಾರೆ. ರೂನ್‌ಸ್ಕೇಪಿನ ಸರ್ವರ್ 0.6 ಸೆಕೆಂಡಿಗೊಮ್ಮೆ ಮಾತ್ರ ಉಸಿರಾಡುತ್ತದೆ. ನೀವು ಆ ಆರು ದಶಾಂಶದೊಳಗೆ ಯಾವಾಗ ಕ್ಲಿಕ್ ಮಾಡಿದರೂ ಅದು ಮುಂದಿನ ಉಸಿರಿಗೇ ಲೆಕ್ಕಕ್ಕೆ ಬರುತ್ತದೆ. ಕೊಡಲಿ ಏಟು, ಕತ್ತಿ ಏಟು, ಎರಡು ಹೆಜ್ಜೆ ಓಟ, ಎಲ್ಲವೂ ಅದೇ ತಾಳಕ್ಕೆ. ಆದ್ದರಿಂದ ಲಂಡನ್ನಿನಲ್ಲಿ ಕೂತವನ ಕ್ಲಿಕ್ಕೂ ರಾಯಚೂರಿನಿಂದ ಕುಂಟುತ್ತಾ ಹೋಗುವ ನಮ್ಮ ಕ್ಲಿಕ್ಕೂ ಹೆಚ್ಚಾಗಿ ಒಂದೇ ಉಸಿರಿನಲ್ಲಿ ಎಣಿಕೆಯಾಗುತ್ತಿದ್ದವು. ಬೇರೆ ಆಟಗಳಲ್ಲಿ ನಮ್ಮಂಥ ಕನೆಕ್ಷನ್ನಿನವರು ಗುಂಡು ಹಾರಿಸುವುದರೊಳಗೆ ಸತ್ತಿರುತ್ತಿದ್ದರು. ಇಲ್ಲಿ ಹಾಗಿರಲಿಲ್ಲ. ನಿಧಾನವೇ ಅದರ ವಿನ್ಯಾಸ. ಇಂದಿನ ಆಟಗಳನ್ನು ನೋಡಿ ಬಂದವರು ಅದನ್ನು ದೋಷ ಎನ್ನುತ್ತಾರೆ. ಸಣ್ಣ ಊರಿನ ಹುಡುಗರನ್ನು ದೊಡ್ಡ ಊರಿನವರ ಸರಿಸಮ ನಿಲ್ಲಿಸಿದ್ದು ಆ ದೋಷವೇ.

ಇನ್ನು ಆಟದೊಳಗಿನ ಮಾತು. ಇಂಥ ಆಟಗಳಲ್ಲಿ ಸಾಮಾನ್ಯವಾಗಿ ಬಾಗಿಲಲ್ಲೇ ಕೇಳುತ್ತಾರೆ: ನೀನು ಯೋಧನೋ, ಮಾಂತ್ರಿಕನೋ, ಬಿಲ್ಲುಗಾರನೋ? ಒಮ್ಮೆ ಆರಿಸಿದರೆ ಮುಗಿಯಿತು, ಸಾಯುವವರೆಗೆ ಅದೇ ಜಾತಿ. ರೂನ್‌ಸ್ಕೇಪಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಮೀನು ಹಿಡಿದರೆ ಮೀನು ಹಿಡಿಯುವುದು ಕಲಿಯುತ್ತೀರಿ, ಕಟ್ಟಿಗೆ ಕಡಿದರೆ ಕಟ್ಟಿಗೆ ಕಡಿಯುವುದು. 2007ರ ಹೊತ್ತಿಗೆ ಅಂಥ 23 ಕಸುಬುಗಳಿದ್ದವು. ಒಂದೊಂದರಲ್ಲೂ ಒಂದರಿಂದ 99ರವರೆಗೆ ಮೆಟ್ಟಿಲು. 99ಕ್ಕೆ ಬೇಕಾದದ್ದು 1,30,34,431 ಅಂಕ. ಅದರ ಅರ್ಧ ದಾರಿ ಬರುವುದು ಐವತ್ತನೇ ಮೆಟ್ಟಿಲಿನಲ್ಲಲ್ಲ, 92ರಲ್ಲಿ! 92ಕ್ಕೆ ಬಂದವನು ಇನ್ನು ಏಳೇ ಮೆಟ್ಟಿಲು ಎಂದು ಹಿಗ್ಗುತ್ತಾನೆ, ಅಷ್ಟೇ ದಾರಿ ಇನ್ನೂ ಬಾಕಿ ಇರುತ್ತದೆ. ಹೋಮ್ ಲೋನ್ ಕಟ್ಟುತ್ತಿರುವವರಿಗೆ ಈ ಗಣಿತ ಬಿಡಿಸಿ ಹೇಳಬೇಕಿಲ್ಲ.

ಆಟಕ್ಕೆ ಬಂದವನಿಗೆ ಮೊದಲು ಸಿಗುವ ಕೆಲಸಗಳಲ್ಲಿ ಒಂದು ರಾಕ್ಷಸನನ್ನು ಕೊಲ್ಲುವುದಲ್ಲ, ಲಂಬ್ರಿಜ್ ಕೋಟೆಯ ಅಡಿಗೆಯವನಿಗೆ ಸಹಾಯ ಮಾಡುವುದು. ಅವನ ದೊರೆಯ ಹುಟ್ಟುಹಬ್ಬ. ಕೇಕಿಗೆ ಒಂದು ತತ್ತಿ, ಒಂದು ಬಕೆಟ್ ಹಾಲು, ಒಂದು ಗಡಿಗೆ ಹಿಟ್ಟು ಬೇಕು. ತತ್ತಿಗೆ ಕೋಳಿಗೂಡಿಗೆ ಹೋಗಬೇಕು, ಹಾಲಿಗೆ ಆಕಳ ಹತ್ತಿರ ಕೂರಬೇಕು. ಹಿಟ್ಟು ಅಂಗಡಿಯಲ್ಲಿ ಸಿಗುತ್ತದೇನೋ ಎಂದರೆ, ಹೊಲಕ್ಕೆ ಹೋಗಿ ಗೋಧಿ ಕಿತ್ತು, ಗಿರಣಿಯ ಮೇಲಿನ ಅಂತಸ್ತಿಗೆ ಹತ್ತಿ, ಅದನ್ನು ಸುರಿದು, ಹಿಡಿಕೆ ಎಳೆದು, ಮತ್ತೆ ಕೆಳಗಿಳಿದು ಗಡಿಗೆ ಹಿಡಿಯಬೇಕು. ನಾನು ಮೊದಲ ದಿನ ಮೇಲೆ ಸುರಿದು ಮೇಲೆಯೇ ಕಾಯುತ್ತಾ ನಿಂತಿದ್ದೆ. ಪಕ್ಕದ ಕುರ್ಚಿಯಲ್ಲಿದ್ದ ನನ್ನ ತಮ್ಮ, ಆಗ ಅವನಿಗೆ ಹದಿನಾರು, ಬಿದ್ದು ಬಿದ್ದು ನಕ್ಕ. "ಅಣ್ಣಾ, ಗಿರಣಿಗೆ ಎಂದಾರ ಜ್ವಾಳ ಹೊತ್ಕೊಂಡು ಹೋಗೀಯೇನು? ಹಿಟ್ಟು ಕೆಳಗ ಬೀಳ್ತದ!" ಬೀಳುತ್ತದೆ ನಿಜ. ಮನೆಯಲ್ಲಿ ಗಿರಣಿಗೆ ಹೋಗುವ ಕೆಲಸ ಯಾವಾಗಲೂ ಅವನದೇ ಆಗಿತ್ತು.

ಆಟದಲ್ಲೂ ಹಾಗೆಯೇ ಆಯಿತು. ನಾನು ಊರು ಸುತ್ತುತ್ತಿದ್ದೆ. ವ್ಯಾರಕ್ ಪಟ್ಟಣದ ಬ್ಯಾಂಕಿನ ಮುಂದೆ ನಿಂತು ಸಂತೆ ನೋಡುವುದೆಂದರೆ ನನಗೆ ಪ್ರಾಣ. ಸಾಮಾನು ಮಾರಲು ಆಗ ಯಾವ ಯಂತ್ರವೂ ಇರಲಿಲ್ಲ. ಮಾರುವವರೆಲ್ಲ ಒಂದನೇ ನಂಬರಿನ ಲೋಕಕ್ಕೆ ಬಂದು, ಬ್ಯಾಂಕಿನ ಮುಂದೆ ಗುಂಪುಗೂಡಿ, ಬಣ್ಣ ಬಣ್ಣದ ಅಕ್ಷರದಲ್ಲಿ ಕೂಗುತ್ತಿದ್ದರು. ಚೌಕಾಸಿ ನಡೆಯುತ್ತಿತ್ತು. ಮೋಸವೂ ನಡೆಯುತ್ತಿತ್ತು. ನಮ್ಮ ಕಡೆಯ ಸಂತೆಯಲ್ಲಿ ಬೆಳೆದವನಿಗೆ ಅಲ್ಲಿ ಕಲಿಯುವುದು ಏನೂ ಇರಲಿಲ್ಲ, ಇಂಗ್ಲಿಷು ಒಂದನ್ನು ಬಿಟ್ಟು. ನನ್ನ ತಮ್ಮ ಮಾತ್ರ ಅತ್ತ ಸುಳಿಯುತ್ತಲೇ ಇರಲಿಲ್ಲ. ಪೋರ್ಟ್ ಸರಿಮ್ ಬಂದರಿನಲ್ಲಿ 30 ನಾಣ್ಯ ಕೊಟ್ಟು ದೋಣಿ ಹತ್ತಿ ಕರಂಜಾ ದ್ವೀಪಕ್ಕೆ ಹೋಗಿ ಲಾಬ್‌ಸ್ಟರ್ ಹಿಡಿಯುತ್ತಾ ಕೂರುತ್ತಿದ್ದ. ನಾವಿಬ್ಬರೂ ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ, ಲಾಬ್‌ಸ್ಟರ್ ಅಂದರೆ ಏಡಿಯ ಜಾತಿಯದು ಇರಬೇಕು ಎಂದುಕೊಂಡಿದ್ದೆವು. ಬುಟ್ಟಿ ತುಂಬಿದರೆ ಮತ್ತೆ ದೋಣಿ, ಮತ್ತೆ ಬ್ಯಾಂಕು. ತಾಸಿನ ಹದಿನೈದು ರೂಪಾಯಿ ಅವನು ಹಾಗೆ ಖರ್ಚು ಮಾಡುವುದು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಆಟದ ಅರ್ಧ ಭೂಮಿ ನಮಗೆ ಮುಚ್ಚಿತ್ತು. ಚಂದಾ ಕಟ್ಟಿದವರಿಗೆ ಮಾತ್ರ ತೆರೆಯುವ ಒಂದು ಗೇಟು ಫಲಾಡೋರ್ ಪಟ್ಟಣದ ಪಶ್ಚಿಮಕ್ಕೆ. ತಿಂಗಳಿಗೆ ಐದು ಡಾಲರ್ ಏನೂ ದೊಡ್ಡದಲ್ಲ ಎಂದು ಈಗ ಅನಿಸುತ್ತದೆ, ಆಗ ಅದನ್ನು ಕಟ್ಟಲು ಕ್ರೆಡಿಟ್ ಕಾರ್ಡ್ ಇದ್ದವರನ್ನೇ ನಾವು ಕಂಡಿರಲಿಲ್ಲ. ಆ ಗೇಟಿನ ಹತ್ತಿರ ನಿಂತು ಆಚೆ ಹೋಗುವವರನ್ನು ನೋಡುತ್ತಿದ್ದದ್ದು ನೆನಪಿದೆ.

ಬಿಟ್ಟಿ ಆಡುವವರಿಗೆ ಸಿಗಬಹುದಾದ ದೊಡ್ಡ ಪ್ರತಿಷ್ಠೆ ಎಂದರೆ ರೂನ್ ಲೋಹದ ಎದೆಕವಚ. ದುಡ್ಡಿದ್ದರೂ ಅದನ್ನು ಸುಮ್ಮನೆ ತೊಡುವಂತಿಲ್ಲ. ಮೊದಲು ಡ್ರಾಗನ್ ಸ್ಲೇಯರ್ ಎಂಬ ಕೆಲಸ ಮುಗಿಸಬೇಕು. ಮೂರು ತುಂಡಾದ ನಕ್ಷೆ ಹುಡುಕಬೇಕು, ಒಂದು ತುಂಡು ಜೈಲಿನಲ್ಲಿರುವ ಗಾಬ್ಲಿನ್ ಹತ್ತಿರ, ಅವನಿಗೆ ಕೊಟ್ಟು ತರಬೇಕೆಂದರೆ 10,000 ನಾಣ್ಯ. ಹಡಗಿಗೆ 2,000. ಹಡಗು ಒಡೆಯುತ್ತದೆ. ಕ್ರ್ಯಾಂಡರ್ ದ್ವೀಪದಲ್ಲಿ ಎಲ್ವಾರ್ಗ್ ಎಂಬ ಹಸಿರು ಡ್ರಾಗನ್. 2006ರ ಬೇಸಿಗೆ ರಜೆ ಪೂರ್ತಿ ನನ್ನ ತಮ್ಮ ಇದರಲ್ಲೇ ಕಳೆದ. ಲಾಬ್‌ಸ್ಟರ್ ಮಾರಿ ಮಾರಿ ನಾಣ್ಯ ಕೂಡಿಸಿದ. ಮೇ ತಿಂಗಳ ಒಂದು ಮಧ್ಯಾಹ್ನ, ಹೊರಗೆ ರಾಯಚೂರಿನ ನಲವತ್ತಮೂರು ಡಿಗ್ರಿ ಬಿಸಿಲು, ಒಳಗೆ ಕೆಫೆಯಲ್ಲಿದ್ದ ಎಂಟೂ ಜನ ಅವನ ಕುರ್ಚಿಯ ಹಿಂದೆ ನಿಂತಿದ್ದೆವು. ಡ್ರಾಗನ್ ಬಿತ್ತು. ಕೆಫೆಯವರು ಆ ತಾಸಿನ ದುಡ್ಡು ತೆಗೆದುಕೊಳ್ಳಲಿಲ್ಲ.

ಇಷ್ಟೆಲ್ಲ ಹೇಳಿದ್ದು ಮುಂದಿನದನ್ನು ಹೇಳುವುದಕ್ಕೆ.

ಅದೇ ವರ್ಷ ಅವನ ಡಿಪ್ಲೊಮಾ ಪರೀಕ್ಷೆ ಬಂತು. ಹದಿನೈದು ದಿನ ಕೆಫೆಗೆ ಬರುವುದಿಲ್ಲ, ನನ್ನ ಅಕೌಂಟಿನಲ್ಲಿ ಸ್ವಲ್ಪ ಮೀನು ಹಿಡಿದಿಡು ಅಣ್ಣಾ ಎಂದು ಪಾಸ್‌ವರ್ಡ್ ಕೊಟ್ಟ. ನಾನು ಮೂರು ದಿನ ಮೀನು ಹಿಡಿದೆ. ನಾಲ್ಕನೇ ದಿನ ಬ್ಯಾಂಕಿನಿಂದ ರೂನ್ ಕವಚ, ಶಿರಸ್ತ್ರಾಣ, ಗುರಾಣಿ ಎಲ್ಲ ತೆಗೆದು ತೊಟ್ಟುಕೊಂಡು ಎಡ್ಜ್‌ವಿಲ್‌ನ ಉತ್ತರಕ್ಕೆ ನಡೆದೆ. ಅದು ವೈಲ್ಡರ್‌ನೆಸ್. ಅಲ್ಲಿ ಯಾರು ಯಾರನ್ನು ಬೇಕಾದರೂ ಕೊಲ್ಲಬಹುದು. ಸತ್ತರೆ ಮೈಮೇಲಿನದರಲ್ಲಿ ಮೂರು ಬೆಲೆಬಾಳುವ ವಸ್ತು ಮಾತ್ರ ಉಳಿಯುತ್ತವೆ. ಆದರೆ ನೀವೇ ಮೊದಲು ಕೈಮಾಡಿದರೆ ತಲೆಯ ಮೇಲೆ ಬುರುಡೆಯ ಗುರುತು ಬರುತ್ತದೆ, ಆಮೇಲೆ ಸತ್ತರೆ ಏನೂ ಉಳಿಯುವುದಿಲ್ಲ. ನಾನೇ ಮೊದಲು ಕೈಮಾಡಿದೆ. ಎದುರಿನವನು ಒಬ್ಬನೇ ಎಂದುಕೊಂಡಿದ್ದೆ, ಅವನ ಹಿಂದೆ ಮೂವರಿದ್ದರು. ಒಂದು ನಿಮಿಷವೂ ಹಿಡಿಯಲಿಲ್ಲ. ಎಚ್ಚರವಾದದ್ದು ಲಂಬ್ರಿಜ್‌ನ ಅಂಗಳದಲ್ಲಿ, ಬರಿಮೈಯಲ್ಲಿ.

ಪರೀಕ್ಷೆ ಮುಗಿಸಿ ಬಂದವನಿಗೆ ನಾನು ಹೇಳಿದ್ದು: "ಯಾರೋ ಹ್ಯಾಕ್ ಮಾಡ್ಯಾರಲೇ." ಅವನು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದ. "ಹೌದಾ" ಎಂದ. ಎದ್ದು ಹೋದ. ಮತ್ತೆ ಆ ಆಟ ಆಡಲಿಲ್ಲ.

ಮರುವರ್ಷ, 2007ರ ಆಗಸ್ಟ್, ನಾನು ಎಂ.ಟೆಕ್‌ಗೆ ಹೈದರಾಬಾದಿಗೆ ಬಂದೆ. ಮೊದಲ ಕಂತಿನ ಫೀಜು ಕಾಕಾನದು, ಆ ವರ್ಷದ ಹತ್ತಿಯ ದುಡ್ಡು. ಅದರ ಮರುವರ್ಷ ನನ್ನ ತಮ್ಮನ ಡಿಪ್ಲೊಮಾ ಮುಗಿದಾಗ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರುವ ಅವಕಾಶ ಅವನಿಗಿತ್ತು. ಸೇರಲಿಲ್ಲ, ಕೆಲಸಕ್ಕೆ ಹೋದ. ನಾನು ಕಾಕಾನ ದುಡ್ಡನ್ನು 2011ರಲ್ಲಿ ಪೂರ್ತಿ ತೀರಿಸಿದೆ. ಲೆಕ್ಕ ಚುಕ್ತಾ ಎಂದು ನಾನೊಬ್ಬನೇ ಅಂದುಕೊಂಡೆ.

ಆ ಆಗಸ್ಟಿನಲ್ಲಿ ನಾನು ಕಂಡ ಶಂಶಾಬಾದ್ ಬೇರೆಯೇ. ರಾಯಚೂರಿನ ಬಸ್ಸು ಅಲ್ಲಿ ಚಹಾಕ್ಕೆ ನಿಂತಿತ್ತು. ಬಾಲಾನಗರದಿಂದ ಈಚೆಗೆ ರಸ್ತೆಯುದ್ದಕ್ಕೂ ಸೀತಾಫಲದ ಬುಟ್ಟಿಗಳು. ಸೀತಾಫಲದ ಒಂದು ತಳಿಗೇ ಬಾಲಾನಗರ ಎಂಬ ಹೆಸರಿದೆ, ತಿಂದವರಿಗೆ ಯಾಕೆಂದು ಹೇಳಬೇಕಿಲ್ಲ. ಊರೆಂದರೆ ಹೆದ್ದಾರಿಯ ಎರಡು ಬದಿಯ ಅಂಗಡಿಗಳು, ಅವುಗಳ ಹಿಂದೆ ಬಂಡೆಗಳು, ಬಂಡೆಗಳ ನಡುವೆ ಹೊಲ. ದೂರದಲ್ಲಿ ಕ್ರೇನುಗಳು ಕಾಣುತ್ತಿದ್ದವು. ಏಳು ತಿಂಗಳಿಗೆ, 2008ರ ಮಾರ್ಚಿನಲ್ಲಿ, ವಿಮಾನ ನಿಲ್ದಾಣ ತೆರೆಯಿತು, ಬೇಗಂಪೇಟೆಯ ಹಳೆಯದು ಪ್ರಯಾಣಿಕರಿಗೆ ಮುಚ್ಚಿತು. 5,500 ಎಕರೆ. ಮರುವರ್ಷ ಮೆಹದಿಪಟ್ಟಣಂನಿಂದ ಆರಾಂಘರ್‌ವರೆಗೆ ಕಂಬಗಳ ಮೇಲೆ ಹನ್ನೊಂದೂವರೆ ಕಿಲೋಮೀಟರ್ ಉದ್ದದ ರಸ್ತೆ ಬಂತು. ಆಮೇಲೆ 158 ಕಿಲೋಮೀಟರಿನ ಹೊರ ವರ್ತುಲ ರಸ್ತೆ. ಅದೇ ರಸ್ತೆ ಹಿಡಿದು ನಾನೀಗ ದಿನವೂ ಗಚ್ಚಿಬೌಲಿಗೆ ಹೋಗುತ್ತೇನೆ. ಹೊಲಗಳು ಸೈಟುಗಳಾದವು, ಸೈಟುಗಳ ಮುಂದೆ ಕಮಾನುಗಳಾದವು. 2022ರಲ್ಲಿ ಮುಚ್ಚಿಂತಲಿನಲ್ಲಿ 216 ಅಡಿಯ ರಾಮಾನುಜಾಚಾರ್ಯರ ಪ್ರತಿಮೆ ಬಂದ ಮೇಲೆ ಮೇಲುಕೋಟೆ ಕಡೆಯ ಬಸ್ಸುಗಳೂ ಕಾಣುತ್ತವೆ. ಹಳೆಯದೆಂದು ಉಳಿದಿರುವುದು ನರ್ಖೂಡದ ಅಮ್ಮಪಲ್ಲಿ ದೇವಸ್ಥಾನ, ಅದರ ಗೋಪುರ, ಪಕ್ಕದ ಪುಷ್ಕರಣಿ. ತೆಲುಗು ಸಿನಿಮಾ ನೋಡುವವರು ಅದನ್ನು ಹೆಸರು ತಿಳಿಯದೆಯೇ ಹತ್ತಾರು ಸಲ ನೋಡಿರುತ್ತಾರೆ. ಭಾನುವಾರ ಬೆಳಿಗ್ಗೆ ಶೂಟಿಂಗ್ ಇಲ್ಲದಿದ್ದರೆ ನಾವು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ.

ನನ್ನ ಶಂಶಾಬಾದ್ ಬದಲಾದ ಅದೇ ತಿಂಗಳುಗಳಲ್ಲಿ ರೂನ್‌ಸ್ಕೇಪೂ ಬದಲಾಯಿತು. ನವೆಂಬರ್ 2007ರಲ್ಲಿ ಗ್ರ್ಯಾಂಡ್ ಎಕ್ಸ್‌ಚೇಂಜ್ ಎಂಬ ಮಾರುಕಟ್ಟೆ ಬಂತು, ವ್ಯಾರಕ್‌ನ ಬೀದಿ ಸಂತೆ ಎದ್ದುಹೋಯಿತು. ಡಿಸೆಂಬರಿನಲ್ಲಿ ವೈಲ್ಡರ್‌ನೆಸ್‌ನ ಕಾದಾಟ ತೆಗೆದರು. ಜನವರಿಯಲ್ಲಿ ಒಬ್ಬರಿಗೊಬ್ಬರು ಬೇಕಾದ ಹಾಗೆ ಕೊಟ್ಟು ತೆಗೆದುಕೊಳ್ಳುವುದನ್ನೂ ನಿಲ್ಲಿಸಿದರು. ಆಟದ ನಾಣ್ಯವನ್ನು ನಿಜವಾದ ದುಡ್ಡಿಗೆ ಮಾರುವವರ ಕಾಟ ತಡೆಯಲು ಹಾಗೆ ಮಾಡಿದರು. ಕಾರಣ ಸರಿಯೇ ಇತ್ತು, ಆದರೆ ಅಣ್ಣ ತಮ್ಮನಿಗೆ ಒಂದು ಕತ್ತಿ ಸುಮ್ಮನೆ ಕೊಡುವಂತಿಲ್ಲ ಎಂದಾಗ ಬಹಳ ಜನ ಎದ್ದು ಹೋದರು. 2011ರಲ್ಲಿ ಆಟಗಾರರನ್ನೇ ಕೇಳಿದರು, ನೂರಕ್ಕೆ 91 ಜನ ಹಳೆಯದು ಬೇಕೆಂದರು, ಅವೆರಡನ್ನೂ ವಾಪಸ್ ತಂದರು. 2012ರ ನವೆಂಬರಿನಲ್ಲಿ ಕಾದಾಟದ ಪದ್ಧತಿಯನ್ನೇ ಬದಲಿಸಿ ಮತ್ತೆ ಜನರನ್ನು ಕಳೆದುಕೊಂಡರು.

ಆಮೇಲೆ ನಡೆದದ್ದು ನಮ್ಮ ವೃತ್ತಿಯವರಿಗೆಲ್ಲ ರೋಮಾಂಚನ ತರುವ ಸಂಗತಿ. ಕಂಪನಿಯವರಿಗೆ 2007ರ ಆಗಸ್ಟಿನ ಒಂದು ಬ್ಯಾಕಪ್ ಸಿಕ್ಕಿತು. ಬದಲಾವಣೆಗಳೆಲ್ಲ ಶುರುವಾಗುವ ಮೊದಲಿನ ಇಡೀ ಲೋಕ. ಇದು ಬೇಕೇ ಎಂದು ಮತ ಹಾಕಿಸಿದರು. ನಾಲ್ಕೂವರೆ ಲಕ್ಷದ ಹತ್ತಿರ ಜನ ಬೇಕೆಂದರು. 2013ರ ಫೆಬ್ರವರಿ 22ರಂದು ಆ ಹಳೆಯ ಲೋಕವನ್ನು 'ಓಲ್ಡ್ ಸ್ಕೂಲ್' ಎಂದು ಮತ್ತೆ ತೆರೆದರು. ಹಳೆಯದನ್ನು ಸುಮ್ಮನೆ ಉಪ್ಪಿನಕಾಯಿ ಹಾಕಿಡಲಿಲ್ಲ. ಅಲ್ಲಿಂದ ಮುಂದೆ ಅದನ್ನು ಬೇರೆ ದಾರಿಯಲ್ಲಿ ಬೆಳೆಸಿದರು, ಹೊಸದೇನು ಸೇರಿಸಬೇಕಿದ್ದರೂ ಆಟಗಾರರ ಮತ ಕೇಳಿ. ಮೊದಲು ನೂರಕ್ಕೆ 75 ಜನ ಒಪ್ಪಬೇಕಿತ್ತು, 2022ರಿಂದ 70. ಜನರನ್ನು ಓಡಿಸಿದ ಅದೇ ಗ್ರ್ಯಾಂಡ್ ಎಕ್ಸ್‌ಚೇಂಜನ್ನು 2015ರಲ್ಲಿ ಜನರೇ ಮತ ಹಾಕಿ ತರಿಸಿಕೊಂಡರು. ನನ್ನ ಹೆಂಡತಿಗೆ ಇದನ್ನು ಹೇಳಿದರೆ, "ಅದರಾಗೇನೈತಿ, ನೀವು ಕೇಳಿ ಮಾಡಿದ್ರ ಯಾರು ಬ್ಯಾಡ ಅಂತಾರ" ಎಂದಳು. ನನಗೆ ಗೊತ್ತಿರುವ ಯಾವ ಸಾಫ್ಟ್‌ವೇರ್ ಕಂಪನಿಯೂ ತನ್ನ ಬಳಕೆದಾರರ ಮುಂದೆ ಹೀಗೆ ವರ್ಷಗಟ್ಟಲೆ ತಲೆಬಾಗಿದ್ದನ್ನು ನಾನು ನೋಡಿಲ್ಲ. ಒಂದು ಹಳೆಯ ಆಟ ಎದ್ದು ಕಾಣುವುದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಆದರೆ ಒಂದು ಶರತ್ತಿತ್ತು. ವಾಪಸ್ ಬಂದದ್ದು ಊರು ಮಾತ್ರ. ನಿಮ್ಮ ಪಾತ್ರ, ನಿಮ್ಮ ಮೆಟ್ಟಿಲುಗಳು, ಬ್ಯಾಂಕಿನಲ್ಲಿಟ್ಟ ಸಾಮಾನು ಯಾವುದೂ ಬರಲಿಲ್ಲ. ಎಲ್ಲರೂ ಟ್ಯುಟೋರಿಯಲ್ ದ್ವೀಪದಲ್ಲಿ ಬರಿಗೈಯಲ್ಲಿ ಇಳಿದು ಮೊದಲಿನಿಂದ ಶುರು ಮಾಡಬೇಕಿತ್ತು.

2018ರ ಅಕ್ಟೋಬರಿನಲ್ಲಿ ಅದು ಫೋನಿಗೂ ಬಂತು. ಆಫೀಸಿನ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ನಾನು ಮತ್ತೆ ಹಿಡಿದೆ. ಆಗಲೇ ನನಗೆ ಗೊತ್ತಾದದ್ದು, ಆ ಆಟಕ್ಕೆ ಸಂಗೀತವಿದೆ ಎಂದು! ಕೆಫೆಯಲ್ಲಿ ಸ್ಪೀಕರ್ ಇರಲಿಲ್ಲವಲ್ಲ. ಎರಡು ವರ್ಷ ಓಡಾಡಿದ ಊರಿನ ದನಿಯನ್ನು ಮೊದಲ ಸಲ ಕೇಳಿದ್ದು ಹನ್ನೆರಡು ವರ್ಷದ ಮೇಲೆ, ಹೊರ ವರ್ತುಲ ರಸ್ತೆಯ ಮೇಲೆ.

ಆ ನವೆಂಬರಿನ ರಾತ್ರಿ ಊಟವಾಯಿತು. ಕಡಕ್ ರೊಟ್ಟಿಯ ಗಂಟು ಬಿಚ್ಚಿ ಅರ್ಧ ನಮಗೇ ಕೊಟ್ಟ. ಹೆಂಡತಿ "ಅಲ್ಲಿ ತಿನ್ನಾಕ ಇರಲಿ" ಎಂದರೆ, "ವೈನಿ, ತೂಕ ಜಾಸ್ತಿ ಆಗ್ತದ" ಎಂದು ನಕ್ಕ. ಮಕ್ಕಳು ಮಲಗಿದರು, ಅವಳೂ ಮಲಗಿದಳು. ಹತ್ತೂವರೆ. ಹೊರಡಲು ಇನ್ನೂ ಎರಡು ತಾಸು. ನಾವಿಬ್ಬರೂ ಬಾಲ್ಕನಿಯಲ್ಲಿ ಕೂತೆವು. ನಮ್ಮ ಬಾಲ್ಕನಿಯಿಂದ ಇಳಿಯುವ ವಿಮಾನಗಳ ದೀಪ ಕಾಣುತ್ತದೆ, ಮಾತಿಲ್ಲದವರಿಗೆ ಅನುಕೂಲ. ನಾಲ್ಕೈದು ವಿಮಾನ ಇಳಿದವು. ಚಿಗವ್ವನ ಮೊಣಕಾಲು, ಹೊಲದ ಲಾವಣಿ, ಅವನ ಮಗಳ ಶಾಲೆ ಎಲ್ಲ ಮುಗಿದವು. ನಾನು ಫೋನ್ ತೆಗೆದು ಆಟ ತೆರೆದು ಅವನ ಮುಂದೆ ಹಿಡಿದೆ.

ಅವನು ಫೋನ್ ಕೈಗೆ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದ. ನನ್ನ ಪಾತ್ರ ವ್ಯಾರಕ್‌ನ ಬ್ಯಾಂಕಿನ ಮುಂದೆ ನಿಂತಿತ್ತು. "ಇದು ಇನ್ನೂ ಐತೇನು?" ಎಂದ. ಆಮೇಲೆ, ನಾನು ತೋರಿಸದೆಯೇ, ದಕ್ಷಿಣದ ಬಾಗಿಲಿನಿಂದ ಹೊರಬಿದ್ದು, ಹೊಲಗಳ ನಡುವಿನ ದಾರಿ ಹಿಡಿದು, ಸೀದಾ ಲಂಬ್ರಿಜ್‌ನ ಗಿರಣಿಗೆ ನಡೆಸಿಕೊಂಡು ಹೋದ. ಒಮ್ಮೆಯೂ ನಕ್ಷೆ ತೆರೆಯಲಿಲ್ಲ. ಬೆರಳು ಎಲ್ಲೂ ತಡೆಯಲಿಲ್ಲ.

ನಾನು ಆಗ ಹೇಳಿದೆ. ಹ್ಯಾಕ್ ಆಗಿರಲಿಲ್ಲ, ನಾನೇ ವೈಲ್ಡರ್‌ನೆಸ್‌ಗೆ ತೊಟ್ಟುಕೊಂಡು ಹೋಗಿದ್ದೆ, ಸುಳ್ಳು ಹೇಳಿದ್ದೆ. ಮೂವತ್ತೆಂಟು ವರ್ಷದ ಮನುಷ್ಯ, ಒಂದು ತಂಡಕ್ಕೆ ಮ್ಯಾನೇಜರ್, ಹೇಳುವಾಗ ಗಂಟಲು ಒಣಗಿತ್ತು.

ಅವನು ಫೋನಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತೈತಲ್ಲಣ್ಣ" ಎಂದ. "ನಿನ್ನ ಬಾಜೂಕ ಕುಂತಿದ್ದ ಹುಡುಗ ಅವತ್ತ ಹೇಳಿದ್ದ."

"ಮತ್ತ ಯಾಕ ಕೇಳಲಿಲ್ಲ?"

"ನೀನ ಹೇಳ್ತಿ ಅಂತ ಸುಮ್ಮನಿದ್ದೆ." ಸ್ವಲ್ಪ ಹೊತ್ತಾದ ಮೇಲೆ, "ರೂನ್ ಹೋಗಿದ್ದಕ್ಕ ಏನೂ ಅನಿಸಲಿಲ್ಲ. ಮತ್ತ ಲಾಬ್‌ಸ್ಟರ್ ಹಿಡಿತಿದ್ದೆ. ನೀ ಹ್ಯಾಕ್ ಅಂದಿ ನೋಡು, ಅದು."

ಇಂಜಿನಿಯರಿಂಗ್ ಸೇರದಿದ್ದುದರ ಬಗ್ಗೆಯೂ ಕೇಳಬೇಕೆಂದುಕೊಂಡೆ. ಹತ್ತಿಯ ದುಡ್ಡಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ನನ್ನ ಮುಖ ನೋಡಿ, "ಇಲ್ಲಿ ಮೊದಲಿನಿಂದ ಶುರು ಮಾಡ್ಬೇಕಂದ್ರ ಹ್ಯಾಂಗ?" ಎಂದು ಅವನದೇ ಫೋನ್ ಮುಂದೆ ಚಾಚಿದ. ಕೇಳಲಿಲ್ಲ. ಆ ಮಾತು ಇನ್ನೂ ಬಾಕಿ ಇದೆ.

ಹನ್ನೆರಡೂವರೆಗೆ ಹೊರಟೆವು. ಏಳು ಕಿಲೋಮೀಟರಿಗೆ ಹದಿನೈದು ನಿಮಿಷ. ಆ ಹೊತ್ತಿನಲ್ಲೂ ಪುಷ್ಪಕ್ ಬಸ್ಸುಗಳು ಓಡಾಡುತ್ತಿದ್ದವು. ಅವನು ಪಕ್ಕದ ಸೀಟಿನಲ್ಲಿ ಕೂತು ಟ್ಯುಟೋರಿಯಲ್ ದ್ವೀಪದಲ್ಲಿ ಸೀಗಡಿ ಸುಡುತ್ತಿದ್ದ. ಮೊದಲನೆಯದು ಕರಕಲಾಯಿತು. ಮೇಲೆ ಡಿಪಾರ್ಚರ್ ಬಾಗಿಲಿನ ಮುಂದೆ ಅವತ್ತೂ ಎರಡು ಕ್ರೂಸರ್ ಜನ ಇದ್ದರು. ಒಂದು ಗುಂಪು ಕನ್ನಡ ಮಾತಾಡುತ್ತಿತ್ತು, ದೇವದುರ್ಗದ ಕಡೆಯ ದನಿ. ಅವರ ಅಜ್ಜಿ ಇವನನ್ನೂ ಕರೆದು, ಯಾವೂರಪ್ಪ ಎಂದು ವಿಚಾರಿಸಿ, ಒಬ್ಬನೇ ಹೊರಟಿದ್ದಾನೆಂದು ತಿಳಿದು, ತನ್ನ ಮೊಮ್ಮಗನಿಗೆ ಹಚ್ಚಿದ ಭಂಡಾರದಲ್ಲಿ ಉಳಿದದ್ದನ್ನು ಇವನ ಹಣೆಗೂ ಹಚ್ಚಿದಳು. ಅವನು ಅಜ್ಜಿಯ ಕಾಲಿಗೆ ಬಿದ್ದ, ಆಮೇಲೆ ನನ್ನ ಕಾಲಿಗೂ ಬಗ್ಗಲು ಬಂದ. ಹಿಡಿದೆತ್ತಿದೆ. ಪಾಸ್‌ಪೋರ್ಟ್, ಟಿಕೆಟ್ ತೋರಿಸಿ ಒಳಗೆ ಹೋದ. ನಾನು ಗಾಜಿನ ಈಚೆ ನಿಂತೆ, ಆ ಎರಡು ಕ್ರೂಸರ್ ಜನರ ಜೊತೆ.

ಒಂಬತ್ತು ದಿನ ಸುದ್ದಿ ಇರಲಿಲ್ಲ, ತಲುಪಿದೆ ಎಂಬ ಒಂದು ಸಾಲು ಬಿಟ್ಟು. ಹತ್ತನೇ ದಿನ ರಾತ್ರಿ ಹನ್ನೊಂದಕ್ಕೆ, ದಮ್ಮಾಮಿನಲ್ಲಿ ಎಂಟೂವರೆ ಇರಬೇಕು, ಫೋನಿಗೆ ಸಂದೇಶ ಬಂತು.

"ಅಣ್ಣಾ, ಹಿಟ್ಟು ಆತು, ಹಾಲು ಆತು. ಕೋಳಿಗೂಡಿನ ಹತ್ರ ಬಾ."